ಸಭೆ ಕರೆಯಬೇಡಿ, ಒಂದು ಕಟ್ಟು ಉತ್ತರ ಪತ್ರಿಕೆ ತನ್ನಿ

ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ತಿಂಗಳಿಗೊಮ್ಮೆ ‘ಬೋಧನೆ ಕುರಿತ ಸಂವಾದ’ ನಡೆಸುವ ಹೊಣೆಯನ್ನು ಐಕ್ಯೂಎಸಿಯವರು (ಕಾಲೇಜಿನ ಆಂತರಿಕ ಗುಣಮಟ್ಟ ಭರವಸೆ ಕೋಶ) ನನಗೆ ವಹಿಸಿದ್ದಾರೆ. ನಮ್ಮಲ್ಲಿ ಕಾಯಂ ಬೋಧಕರು 14, ಅತಿಥಿ ಉಪನ್ಯಾಸಕರು 23. ಮೊದಲ ಸಭೆಗೆ 30 ಜನ ಬಂದರು. ಒಬ್ಬರು ಪಿಪಿಟಿ ಹಾಕಿ ಮುಕ್ಕಾಲು ಗಂಟೆ ಮಾತಾಡಿದರು. ಎರಡನೆಯದು ‘ಹುಡುಗ್ರು ಕ್ಲಾಸಿಗೆ ಬರಂಗಿಲ್ಲ, ಬಂದೋರಿಗೆ ಬೇಸಿಕ್ಸ್ ಇಲ್ಲ, ಮೊಬೈಲ್ ಬಿಡಂಗಿಲ್ಲ’ ಎಂಬುದರಲ್ಲೇ ಮುಗಿಯಿತು. ಮೂರನೆಯದಕ್ಕೆ ಬಂದವರು 6 ಜನ. ಈಗ ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಬೇಕು ಎಂಬ ಸೂಚನೆಯೂ ಬಂದಿದೆ. ತಪ್ಪು ಹುಡುಕಲಿಕ್ಕೆ ಬರುತ್ತಾರೆ ಎಂದೇ ಎಲ್ಲರ ಭಾವನೆ. ಇದನ್ನೆಲ್ಲ ಉಪಯೋಗಕ್ಕೆ ಬರುವಂತೆ ಮಾಡುವುದು ಹೇಗೆ?

ಉತ್ತರ: ಮೂರನೆಯ ಸಲಕ್ಕೆ ಬಂದರಲ್ಲ, ಆ 6 ಜನರಿಂದಲೇ ಶುರು ಮಾಡಿ. ಈ ಕೆಲಸಕ್ಕೆ ಬೇಕಾದ ಸಂಖ್ಯೆಯೂ ಅಷ್ಟೇ: 5ರಿಂದ 7.

ಎರಡನೆಯ ಸಭೆ ದೂರಿನ ಕಟ್ಟೆಯಾದದ್ದಕ್ಕೆ ನಿಮ್ಮ ಸಹೋದ್ಯೋಗಿಗಳ ಸ್ವಭಾವವನ್ನು ಹಳಿಯಬೇಕಿಲ್ಲ. ಪ್ರಾಂಶುಪಾಲರು ಮುಂದೆ ಕೂತಿರುವ, 30 ಜನ ಸೇರಿದ ಕೋಣೆಯಲ್ಲಿ ‘ನಿನ್ನೆ ನನ್ನ ಪಾಠ ಹತ್ತಲಿಲ್ಲ’ ಎಂದು ಯಾರೂ ಹೇಳುವುದಿಲ್ಲ. ವರ್ಷವರ್ಷವೂ ಮರುನೇಮಕದ ಕೌನ್ಸೆಲಿಂಗ್ ಎದುರಿಸುವ ಅತಿಥಿ ಉಪನ್ಯಾಸಕರಂತೂ ಬಾಯೇ ಬಿಡುವುದಿಲ್ಲ. ಎಲ್ಲರೂ ಧೈರ್ಯವಾಗಿ ಆಡಬಹುದಾದ ಮಾತು ಆಗ ಒಂದೇ ಉಳಿಯುತ್ತದೆ: ಅಲ್ಲಿ ಇಲ್ಲದವರ, ಅಂದರೆ ವಿದ್ಯಾರ್ಥಿಗಳ ಮೇಲಿನ ಮಾತು. ಅದರ ಜೊತೆಗೆ ‘ಬೋಧನೆ’ ಎನ್ನುವುದು ತೀರಾ ದೊಡ್ಡ ವಿಷಯ. ಅದರ ಬಗ್ಗೆ ಯಾರು ಏನು ಹೇಳಿದರೂ ಸರಿಯೇ, ತಪ್ಪೆಂದು ತೋರಿಸಲಿಕ್ಕೆ ಕೈಗೆ ಏನೂ ಸಿಗುವುದಿಲ್ಲ. ಹಾಗಾಗಿ ಮೇಜಿನ ಮೇಲೆ ಕಣ್ಣಿಗೆ ಕಾಣುವ ಒಂದು ವಸ್ತು ಇರಬೇಕು. ಎಲ್ಲಕ್ಕಿಂತ ಸುಲಭವಾಗಿ ಸಿಗುವುದು, ಎಲ್ಲರಿಗೂ ಓದಲು ಬರುವುದು ಉತ್ತರ ಪತ್ರಿಕೆ.

ತಯಾರಿ ಹೀಗಿರಲಿ. ಒಂದು ಆಂತರಿಕ ಪರೀಕ್ಷೆಯ ಒಂದೇ ಪ್ರಶ್ನೆ ಆರಿಸಿ. 60 ಪತ್ರಿಕೆಗಳ ಕಟ್ಟಿನಿಂದ ಪ್ರತಿ ಐದನೆಯದನ್ನು ತೆಗೆದರೆ 12 ಸಿಗುತ್ತವೆ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಹುಡುಕಿ ಆರಿಸಬೇಡಿ. ಆರಿಸಿದರೆ ನೀವು ಮೊದಲೇ ನಂಬಿದ್ದೇ ಮತ್ತೆ ಕಾಣುತ್ತದೆ. ಹೆಸರು, ನೋಂದಣಿ ಸಂಖ್ಯೆ, ಕೊಟ್ಟ ಅಂಕ ಮೂರನ್ನೂ ಮುಚ್ಚಿ ಜೆರಾಕ್ಸ್ ಮಾಡಿಸಿ. ಜೊತೆಗೆ ಮಕ್ಕಳ ಕೈಗೆ ಕೊಟ್ಟ ಪ್ರಶ್ನೆಪತ್ರಿಕೆ ಹೇಗಿತ್ತೋ ಹಾಗೇ ಇರಲಿ, ಪಠ್ಯಪುಸ್ತಕದ ಆ ಪುಟವೂ ಇರಲಿ. ನಿಮ್ಮ ಮಾದರಿ ಉತ್ತರವನ್ನು ಮಡಚಿ ಇಟ್ಟುಕೊಳ್ಳಿ, ಅದು ಕೊನೆಗೆ.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ನೋಡೋಣ. ಪ್ರಶ್ನೆ ಹೀಗಿದೆ ಎಂದಿಟ್ಟುಕೊಳ್ಳಿ: ಕಾರಟಗಿಯ ಅಕ್ಕಿ ಗಿರಣಿಯೊಂದು 2023ರ ಅಕ್ಟೋಬರ್ 1ರಂದು 1,00,000 ರೂಪಾಯಿಗೆ ಯಂತ್ರ ಕೊಂಡಿತು. ಅಳವಡಿಸಲು 10,000 ಖರ್ಚಾಯಿತು. ಬಾಳಿಕೆ 10 ವರ್ಷ, ರೆಸಿಡ್ಯುಯಲ್ ವ್ಯಾಲ್ಯೂ 10,000. ಸ್ಟ್ರೇಟ್ ಲೈನ್ ಪದ್ಧತಿಯಂತೆ 2024ರ ಮಾರ್ಚ್ 31ಕ್ಕೆ ಸವಕಳಿ ಎಷ್ಟು? ಸವಕಳಿ ಎಂದರೆ ಬಳಕೆಯಿಂದ ಯಂತ್ರದ ಬೆಲೆಯಲ್ಲಿ ಇಳಿಯುವ ಭಾಗ; ಸ್ಟ್ರೇಟ್ ಲೈನ್ ಎಂದರೆ ಅದನ್ನು ಎಲ್ಲ ವರ್ಷಗಳಿಗೂ ಸಮನಾಗಿ ಹಂಚುವುದು. ಸರಿಯುತ್ತರ 5,000. ಒಟ್ಟು ವೆಚ್ಚ 1,10,000ದಲ್ಲಿ ರೆಸಿಡ್ಯುಯಲ್ ವ್ಯಾಲ್ಯೂ, ಅಂದರೆ ಬಾಳಿಕೆ ಮುಗಿದಾಗ ಯಂತ್ರಕ್ಕೆ ಉಳಿಯುವ ಕೊನೆಯ ಮೌಲ್ಯ, 10,000 ಕಳೆದು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ 10,000. ಬಳಸಿದ್ದು ಆರು ತಿಂಗಳು, ಆದ್ದರಿಂದ ಅರ್ಧ.

ಈಗ 12 ಪತ್ರಿಕೆಗಳನ್ನು ಅಂಕ ಕೊಡದೆ, ಬಂದ ಉತ್ತರದ ಪ್ರಕಾರ ಗುಂಪು ಮಾಡಿ. 10,000 ಬರೆದವರು ತಾರೀಖು ನೋಡಿಲ್ಲ. 4,500 ಬರೆದವರು ಅಳವಡಿಕೆ ಖರ್ಚು ಕೂಡಿಸಿಲ್ಲ. 5,500 ಬರೆದವರು ಕೊನೆಯ ಮೌಲ್ಯ ಕಳೆದಿಲ್ಲ. ಇಷ್ಟಕ್ಕೇ ‘ಬೇಸಿಕ್ಸ್ ಇಲ್ಲ’ ಎಂಬ ಒಂದು ದೂರು ಮೂರು ಬೇರೆ ಬೇರೆ ತೊಂದರೆಗಳಾಗಿ ಒಡೆದುಕೊಂಡಿತು. ಮೂರಕ್ಕೂ ಔಷಧ ಬೇರೆ.

ಸ್ವಾರಸ್ಯ ಇರುವುದು ನಾಲ್ಕನೆಯ ಗುಂಪಿನಲ್ಲಿ, 5,000 ಬರೆದು ಪೂರ್ತಿ ಅಂಕ ತೆಗೆದುಕೊಂಡವರಲ್ಲಿ. ಅವರ ಲೆಕ್ಕವನ್ನು ಸಾಲುಸಾಲಾಗಿ ಓದಿ. ಅಳವಡಿಕೆ ಖರ್ಚನ್ನೂ ಮರೆತು, ಕೊನೆಯ ಮೌಲ್ಯವನ್ನೂ ಮರೆತು, ಬರೀ 1,00,000ವನ್ನು ಹತ್ತರಿಂದ ಭಾಗಿಸಿ ಅರ್ಧ ಮಾಡಿದವರಿಗೂ 5,000ವೇ ಬರುತ್ತದೆ! ಕೂಡಿಸಬೇಕಾದ್ದು 10,000, ಕಳೆಯಬೇಕಾದ್ದೂ 10,000. ಎರಡು ತಪ್ಪು ಒಂದನ್ನೊಂದು ನುಂಗಿಹಾಕಿದವು. ಒಂದು ತಪ್ಪು ಮಾಡಿದವರಿಗೆ ಅಂಕ ಹೋಯಿತು, ಎರಡು ತಪ್ಪು ಮಾಡಿದವರಿಗೆ ಪೂರ್ತಿ ಬಂತು. ಇದು ವಿದ್ಯಾರ್ಥಿಯ ತಪ್ಪಲ್ಲ, ಪ್ರಶ್ನೆ ತೆಗೆದವರ ಅಂಕಿಯ ಆಯ್ಕೆಯ ತಪ್ಪು. ಒಬ್ಬರೇ ರಾತ್ರಿ ಹತ್ತಕ್ಕೆ ಕೂತು ಕೊನೆಯ ಅಂಕಿ ನೋಡಿ ಟಿಕ್ ಹಾಕುವಾಗ ಇದು ಕಣ್ಣಿಗೆ ಬೀಳುವುದಿಲ್ಲ. ಆರು ಜನ ಒಂದೇ ಹಾಳೆ ನೋಡುವಾಗ ಬೀಳುತ್ತದೆ.

ರಿಪೇರಿ ಎರಡು ನಿಮಿಷದ್ದು. ಅಳವಡಿಕೆ ಖರ್ಚನ್ನು 20,000 ಮಾಡಿ. ಸರಿಯುತ್ತರ 5,500 ಆಗುತ್ತದೆ. ಅಳವಡಿಕೆ ಮರೆತರೆ 4,500, ಕೊನೆಯ ಮೌಲ್ಯ ಮರೆತರೆ 6,000, ಎರಡನ್ನೂ ಮರೆತರೆ 5,000, ತಾರೀಖು ಮಾತ್ರ ನೋಡದಿದ್ದರೆ 11,000. ಈಗ ಉತ್ತರದ ಅಂಕಿಯೇ ತಪ್ಪು ಎಲ್ಲಾಗಿದೆ ಎಂದು ಹೇಳುತ್ತದೆ, 120 ಪತ್ರಿಕೆ ಇದ್ದರೂ ತಿದ್ದುವ ಹೊತ್ತು ಉಳಿಯುತ್ತದೆ. ಲೆಕ್ಕಶಾಸ್ತ್ರ, ಸಂಖ್ಯಾಶಾಸ್ತ್ರ, ಭೌತಶಾಸ್ತ್ರ ಯಾವುದರಲ್ಲೇ ಆಗಲಿ, ಪ್ರಶ್ನೆ ತೆಗೆಯುವಾಗ ‘ಪ್ರತಿ ತಪ್ಪಿಗೂ ಬೇರೆ ಉತ್ತರ ಬರುತ್ತದೆಯೇ’ ಎಂದು ಒಮ್ಮೆ ಮಾಡಿ ನೋಡುವ ಅಭ್ಯಾಸ ಬಿದ್ದರೆ ಆ ಒಂದು ಪೀರಿಯಡ್ ದಂಡವಾಗಲಿಲ್ಲ.

ಮೊದಲ ಪ್ರಶ್ನೆಯಲ್ಲಿ 5,500 ಬರೆದ ಗುಂಪಿಗೆ ಮತ್ತೆ ಬನ್ನಿ. ಕೊನೆಯ ಮೌಲ್ಯವನ್ನು ಅವರು ಯಾಕೆ ಕಳೆಯಲಿಲ್ಲ? ತರಗತಿಯಲ್ಲಿ ನೀವು ಹೇಳಿದ್ದು ‘ಸ್ಕ್ರ್ಯಾಪ್ ವ್ಯಾಲ್ಯೂ’, ಪ್ರಶ್ನೆಯಲ್ಲಿ ಬಂದದ್ದು ‘ರೆಸಿಡ್ಯುಯಲ್ ವ್ಯಾಲ್ಯೂ’ ಆಗಿದ್ದಿರಬಹುದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಅದು ಹೊಸ ಪದ. ‘ಗುಜರಿಗೆ ಹಾಕಿದ್ರೆ ಎಷ್ಟು ಬರ್ತದೆ’ ಎಂದು ಕೇಳಿದ್ದರೆ ಗಿರಣಿ ಊರಿನ ಹುಡುಗ ಹೇಳುತ್ತಿದ್ದ. ಅಥವಾ ಪದ ಗೊತ್ತಿದ್ದೂ ಯಾಕೆ ಕಳೆಯಬೇಕೆಂಬುದು ತಿಳಿದಿರಲಿಕ್ಕಿಲ್ಲ. ಕೂತಲ್ಲೇ ಇದನ್ನು ವಾದಿಸಿ ತೀರ್ಮಾನಿಸಲು ಹೋಗಬೇಡಿ. ಮಾರನೆಯ ದಿನ ತರಗತಿಯ ಅರ್ಧ ಜನಕ್ಕೆ ಒಂದು ಪದ ಹಾಕಿ, ಉಳಿದರ್ಧಕ್ಕೆ ಇನ್ನೊಂದು ಪದ ಹಾಕಿ ಅದೇ ಲೆಕ್ಕ ಕೊಡಿ. ಐದು ನಿಮಿಷದಲ್ಲಿ ಭಾಷೆಯೋ ಪರಿಕಲ್ಪನೆಯೋ ಗೊತ್ತಾಗುತ್ತದೆ.

ಇಲ್ಲಿ ಬೇರೆ ವಿಭಾಗದವರು ತುಂಬ ಉಪಯೋಗಕ್ಕೆ ಬರುತ್ತಾರೆ. ‘ನಮಗೆ ಅಕೌಂಟ್ಸ್ ಬರಲ್ರಿ’ ಎಂದು ಇತಿಹಾಸದವರು ಹಿಂದೆ ಸರಿದರೆ ಬಿಡಬೇಡಿ. ‘ರೆಸಿಡ್ಯುಯಲ್ ಅಂದ್ರೇನು ಮೇಡಂ?’ ಎಂದು ಅವರು ಕೇಳುವ ಕಡೆಯೇ ವಿದ್ಯಾರ್ಥಿಯೂ ಎಡವಿರುತ್ತಾನೆ. ಆರು ಜನರಲ್ಲಿ ಇಬ್ಬರಾದರೂ ಹೊರಗಿನ ವಿಷಯದವರಿರಲಿ.

50 ನಿಮಿಷವನ್ನು ಹೀಗೆ ಹಂಚಿ. ಪತ್ರಿಕೆ ತಂದವರು 5 ನಿಮಿಷದಲ್ಲಿ ಯಾವ ತರಗತಿ, ಏನು ಕಲಿಸಿದ್ದು, ತಮಗಿರುವ ಒಂದು ಅನುಮಾನ ಏನು ಎಂಬುದನ್ನು ಹೇಳಬೇಕು. 10 ನಿಮಿಷ ಎಲ್ಲರೂ ಸುಮ್ಮನೆ ಓದಬೇಕು, ಮಾತಿಲ್ಲ. ಆಮೇಲೆ 15 ನಿಮಿಷ ಉಳಿದವರು ಮಾತಾಡುತ್ತಾರೆ, ತಂದವರು ಬರೆದುಕೊಳ್ಳುತ್ತಾರೆ, ಉತ್ತರ ಕೊಡುವಂತಿಲ್ಲ. ಈ 15 ನಿಮಿಷವೇ ಎಲ್ಲಕ್ಕಿಂತ ಕಷ್ಟದ್ದು. ‘ಇಲ್ರಿ, ಅದು ಹಂಗಲ್ಲ, ಆವತ್ತು ಕರೆಂಟ್ ಇದ್ದಿಲ್ಲ’ ಎಂಬ ಸಮಜಾಯಿಷಿ ನಾಲಿಗೆ ತುದಿಯಲ್ಲೇ ಇರುತ್ತದೆ. ಒಮ್ಮೆ ಸಮಜಾಯಿಷಿ ಶುರುವಾಯಿತೆಂದರೆ ಉಳಿದವರು ಮರ್ಯಾದೆಗೆ ಸುಮ್ಮನಾಗುತ್ತಾರೆ. ಬಳಿಕ 10 ನಿಮಿಷ ತಂದವರ ಮಾತು. ಕೊನೆಯ 10 ನಿಮಿಷ ಮುಂದಿನ ಸಲದೊಳಗೆ ಮಾಡಿ ನೋಡುವ ಒಂದೇ ಒಂದು ಬದಲಾವಣೆಯನ್ನು ಗೊತ್ತುಮಾಡಲಿಕ್ಕೆ. ಎರಡು ಬೇಡ. ಎರಡು ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ನಮ್ಮ ಕಡೆಯ ರೂಢಿಗೆ ತಕ್ಕ ಒಂದು ನಿಯಮ ಸೇರಿಸಿಕೊಳ್ಳಿ: ಸೇವೆ ಕಡಿಮೆ ಇದ್ದವರು ಮೊದಲು, ಹಿರಿಯರು ಕೊನೆಗೆ. ಹಿರಿಯ ಸರ್ ಮೊದಲು ಮಾತಾಡಿದರೆ ಉಳಿದವರದು ‘ಹೌದ್ರಿ ಸರ್’ ಆಗಿಬಿಡುತ್ತದೆ. ಇದನ್ನು ಅವರಿಗೆ ಒಂದು ದಿನ ಮುಂಚೆ, ಚಹಾ ಕುಡಿಯುವಾಗ ಹೇಳಿ. ಎಲ್ಲರೆದುರು ತಡೆದರೆ ಬೇಜಾರಾಗುತ್ತದೆ. ಇನ್ನು ‘ನಾನಾಗಿದ್ರೆ ಹಿಂಗ್ ಮಾಡ್ತಿದ್ದೆ’ ಎಂಬ ಮಾತಿಗೆ ಆ 15 ನಿಮಿಷದಲ್ಲಿ ಜಾಗ ಬೇಡ. ‘ನಾಲ್ಕನೆಯ ಹಾಳೇಲಿ ಹೀಗಿದೆ’, ‘ಇದು ಯಾಕೆ ಹೀಗಾಯ್ತು ನನಗೆ ತಿಳೀವಲ್ದು’ ಎಂಬ ಎರಡು ಬಗೆಯ ಮಾತು ಸಾಕು.

ಕಲಾ ವಿಭಾಗಕ್ಕೆ ಸ್ವಲ್ಪ ಬೇರೆ ದಾರಿ. ಅಲ್ಲಿ ಗುಂಪು ಮಾಡಲು ಅಂಕಿ ಇರುವುದಿಲ್ಲ, ಆದ್ದರಿಂದ ಒಂದೇ ಉತ್ತರಕ್ಕೆ ಐವರು ಬೇರೆ ಬೇರೆಯಾಗಿ ಅಂಕ ಕೊಟ್ಟು ಚೀಟಿ ಒಟ್ಟಿಗೆ ಬಿಚ್ಚಿ. ‘ಮಸ್ಕಿ ಶಾಸನದ ಮಹತ್ವವೇನು?’ ಎಂಬ 10 ಅಂಕದ ಪ್ರಶ್ನೆ ತೆಗೆದುಕೊಳ್ಳಿ. ವಿದ್ಯಾರ್ಥಿ ಮೂರು ಪುಟ ಕಳಿಂಗ ಯುದ್ಧ, ಧರ್ಮಪ್ರಚಾರ, ಸಾಲುಮರ ಎಲ್ಲ ಬರೆದಿದ್ದಾನೆ. ಆದರೆ 1915ರಲ್ಲಿ ಸಿಕ್ಕ ಆ ಶಾಸನದಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಿನ ಜೊತೆ ‘ಅಶೋಕ’ ಎಂಬ ಹೆಸರೇ ಇದ್ದುದರಿಂದ ಆ ಬಿರುದಿನ ರಾಜ ಅಶೋಕನೇ ಎಂದು ಖಚಿತವಾಯಿತು ಎಂಬ ಮುಖ್ಯ ಮಾತು ಎಲ್ಲೂ ಇಲ್ಲ. ಒಬ್ಬರು 3 ಕೊಟ್ಟು ಇನ್ನೊಬ್ಬರು 7 ಕೊಟ್ಟರೆ ಅಚ್ಚರಿ ಬೇಡ. ಏಳು ಕೊಟ್ಟವರು ಪುಟ ನೋಡಿದ್ದಾರೆ, ಮೂರು ಕೊಟ್ಟವರು ಪ್ರಶ್ನೆ ನೋಡಿದ್ದಾರೆ. ‘ಮಹತ್ವ’ ಎಂದರೆ ಏನು ಬರೆಯಬೇಕೆಂದು ನಾವು ಎಂದಾದರೂ ಕಲಿಸಿದ್ದೇವೆಯೇ ಎಂಬ ಪ್ರಶ್ನೆಗೆ ಮಾತು ತಾನಾಗಿ ಬಂದು ನಿಲ್ಲುತ್ತದೆ. ರಾಯಚೂರು ಜಿಲ್ಲೆಯ ಮಸ್ಕಿ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿದ್ದೂ ಉತ್ತರಗಳು ಅಶೋಕನ ರಾಜಧಾನಿ ಪಾಟಲಿಪುತ್ರದಲ್ಲೇ ಸುತ್ತುತ್ತಿರುತ್ತವೆ, ಅದು ಬೇರೆ ಮಾತು.

ದೂರುಗಳನ್ನೂ ಪೂರ್ತಿ ತಳ್ಳಿಹಾಕಬೇಡಿ, ಅವುಗಳಿಗೂ ಒಂದು ವಸ್ತು ಕೊಡಿ. ‘ಹುಡುಗ್ರು ಬರಂಗಿಲ್ಲ’ ಎಂದವರಿಗೆ ಒಂದು ತರಗತಿಯ 12 ವಾರದ ಹಾಜರಿ ಪುಸ್ತಕ ಕೊಟ್ಟು, ದಿನಕ್ಕೆ ಎಷ್ಟು ಜನ, ಯಾವ ಪೀರಿಯಡ್‌ಗೆ ಎಷ್ಟು ಜನ ಎಂದು ಒಂದು ಹಾಳೆಯಲ್ಲಿ ಬಿಡಿಸಲು ಹೇಳಿ. ಮೊದಲ ಪೀರಿಯಡ್ ಮಾತ್ರ ಖಾಲಿ ಇದ್ದರೆ ಹಳ್ಳಿಯ ಬಸ್ ಎಷ್ಟಕ್ಕೆ ಬರುತ್ತದೆ ಕೇಳಿ. ಕೆಲವು ವಾರ ಮಾತ್ರ ಕುಸಿದಿದ್ದರೆ ತುಂಗಭದ್ರಾ ಎಡದಂಡೆ ಕಾಲುವೆ ಬಯಲಿನ ಭತ್ತದ ನಾಟಿಯೋ, ರಾಯಚೂರು ಕಡೆ ಹತ್ತಿ ಬಿಡಿಸುವ ದಿನಗಳೋ ನೋಡಿ. ಒಬ್ಬರ ವಿಷಯಕ್ಕೆ ಮಾತ್ರ ಕಡಿಮೆ ಇದ್ದರೆ ಅದನ್ನು ಸಭೆಯಲ್ಲಿ ಎತ್ತಬೇಡಿ, ಅವರೇ ನೋಡಿಕೊಂಡಿರುತ್ತಾರೆ. ಬಸ್ಸಿನ ಸಮಸ್ಯೆಗೆ ವೇಳಾಪಟ್ಟಿ ಬದಲಿಸಬಹುದು, ಸುಗ್ಗಿಯ ವಾರಗಳಿಗೆ ಹೊಸ ಘಟಕ ಶುರು ಮಾಡದೆ ಹಿಂದಿನದನ್ನೇ ಅಭ್ಯಾಸ ಮಾಡಿಸಬಹುದು. ‘ಆಸಕ್ತಿ ಇಲ್ಲ’ ಎಂಬುದಕ್ಕೆ ಮಾಡುವುದೇನೂ ಇರುವುದಿಲ್ಲ.

ಇನ್ನು ತರಗತಿ ವೀಕ್ಷಣೆ. ಭಯ ಹುಟ್ಟುವುದು ನೋಡುವುದರಿಂದಲ್ಲ, ನೋಡಿ ಬರೆದ ಕಾಗದ ಎಲ್ಲಿಗೆ ಹೋಗುತ್ತದೆ ಎಂಬುದರಿಂದ. ಆದ್ದರಿಂದ ಮೊದಲು ಇದನ್ನು ಗಟ್ಟಿ ಮಾಡಿಕೊಳ್ಳಿ: ವೀಕ್ಷಕರು ಬರೆದ ಹಾಳೆಯನ್ನು ಪಾಠ ಮಾಡಿದವರ ಕೈಗೇ ಕೊಡಬೇಕು. ಅದರ ನಕಲು ಐಕ್ಯೂಎಸಿಗೂ ಇಲ್ಲ, ಪ್ರಾಂಶುಪಾಲರಿಗೂ ಇಲ್ಲ, ಬಡ್ತಿಯ ಕಡತಕ್ಕೂ ಇಲ್ಲ, ಅತಿಥಿ ಉಪನ್ಯಾಸಕರ ಸೇವಾ ದಾಖಲೆಗಂತೂ ಇಲ್ಲವೇ ಇಲ್ಲ. ಇಷ್ಟಕ್ಕೆ ಒಪ್ಪಿಗೆ ಸಿಗದಿದ್ದರೆ ಈ ವರ್ಷ ವೀಕ್ಷಣೆ ಬಿಟ್ಟೇಬಿಡಿ, ಉತ್ತರ ಪತ್ರಿಕೆಯಲ್ಲೇ ಮುಂದುವರಿಯಿರಿ. ಶುರು ಮಾಡುವುದಾದರೆ ಮೊದಲು ಬಾಗಿಲು ತೆರೆಯಬೇಕಾದವರು ಸೇವೆ ಹೆಚ್ಚಿರುವ ಕಾಯಂ ಬೋಧಕರು. ಅತಿಥಿಗಳನ್ನು ಮೊದಲ ಸಾಲಿಗೆ ತಳ್ಳುವುದು ಸರಿಯಲ್ಲ.

ವೀಕ್ಷಣೆಗೆ ಮುಂಚೆ 10 ನಿಮಿಷದ ಮಾತು ಬೇಕು. ಏನು ನೋಡಬೇಕೆಂದು ಪಾಠ ಮಾಡುವವರೇ ಹೇಳಲಿ: ‘ನನ್ನ ಪ್ರಶ್ನೆಗಳಿಗೆ ಯಾರ್ಯಾರು ಉತ್ತರ ಕೊಡ್ತಾರೆ ನೋಡ್ರಿ’ ಎಂಬಷ್ಟು ಸಣ್ಣದು. ತರಗತಿಯಲ್ಲಿ 25 ನಿಮಿಷ ಸಾಕು, ಹಿಂದಿನ ಬೆಂಚಿನ ಪಕ್ಕದಲ್ಲಿ ಕೂರಬೇಕು. ‘ಮೇಡಂ ನನ್ನ ಪಾಠ ನೋಡಾಕ ಬಂದಾರ, ನಿಮ್ಮನ್ನಲ್ಲ’ ಎಂದು ಮಕ್ಕಳಿಗೆ ಒಂದು ಮಾತು ಹೇಳಿದರೆ ಅವರ ಬಿಗುವು ಇಳಿಯುತ್ತದೆ. ಹಾಳೆಯಲ್ಲಿ ಮೂರು ಅಂಕಣ: ಸಮಯ, ಬೋಧಕರು ಮಾಡಿದ್ದು, ವಿದ್ಯಾರ್ಥಿಗಳು ಮಾಡಿದ್ದು. ಎರಡು ಮೂರು ನಿಮಿಷಕ್ಕೊಂದು ಸಾಲು. ‘11.12: ಪ್ರಶ್ನೆ ಕೇಳಿದರು, ಒಂದು ಸೆಕೆಂಡ್ ಕಾದರು, ತಾವೇ ಉತ್ತರ ಹೇಳಿದರು. ಹಿಂದಿನ ಸಾಲಿನ ಇಬ್ಬರು ಬಾಯಿ ತೆರೆದು ಮತ್ತೆ ಮುಚ್ಚಿದರು.’ ಹೀಗೆ. ‘ಚೆನ್ನಾಗಿತ್ತು’, ‘ನಿಯಂತ್ರಣ ಇರಲಿಲ್ಲ’ ಎಂಬ ತೀರ್ಪಿನ ಪದ ಒಂದೂ ಇರಬಾರದು.

ಆ ಒಂದು ಸೆಕೆಂಡಿನ ಸಂಗತಿ ಸಣ್ಣದಲ್ಲ. 1970ರ ದಶಕದಲ್ಲಿ ಅಮೆರಿಕದ ಶಾಲೆಗಳ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿ ಅಳೆದ ಮೇರಿ ಬಡ್ ರೋ ಅವರಿಗೆ ಕಂಡದ್ದು ಇದೇ: ಪ್ರಶ್ನೆ ಕೇಳಿ ಬೋಧಕರು ಕಾಯುವುದು ಸುಮಾರು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಇಂಗ್ಲಿಷಿನಲ್ಲಿ ಕೇಳಿದ ಪ್ರಶ್ನೆಯನ್ನು ಮನಸ್ಸಿನಲ್ಲೇ ಕನ್ನಡಕ್ಕೋ ತೆಲುಗಿಗೋ ಉರ್ದುವಿಗೋ ತಿರುಗಿಸಿಕೊಂಡು ಉತ್ತರ ಹುಡುಕುವ ಬಳ್ಳಾರಿ, ರಾಯಚೂರಿನ ತರಗತಿಗಳಲ್ಲಿ ಐದು ಸೆಕೆಂಡ್ ಕಾದರೂ ಹೆಚ್ಚಲ್ಲ. ತಾನೆಷ್ಟು ಕಾಯುತ್ತೇನೆ ಎಂಬುದು ಪಾಠ ಮಾಡುವವರಿಗೆ ಗೊತ್ತಾಗುವುದಿಲ್ಲ; ಪಕ್ಕದಲ್ಲಿ ಕೂತವರಿಗೆ ಗೊತ್ತಾಗುತ್ತದೆ.

ವೀಕ್ಷಣೆಯ ನಂತರದ ಮಾತು ಎರಡು ದಿನದೊಳಗೆ, ಎದುರುಬದುರು ಕೂತು, ಹಾಳೆ ನಡುವೆ ಇಟ್ಟುಕೊಂಡು ಆಗಬೇಕು. ವಾಟ್ಸಾಪ್‌ನಲ್ಲಿ ಬೇಡ. ಮೊದಲ ಮಾತು ಪಾಠ ಮಾಡಿದವರದು. ಆಮೇಲೆ ಜೋಡಿ ತಿರುಗಬೇಕು: ಇಂದು ನೋಡಿದವರು ಮುಂದಿನ ವಾರ ತೋರಿಸಬೇಕು. ಒಬ್ಬರು ಸದಾ ನೋಡುವವರು, ಇನ್ನೊಬ್ಬರು ಸದಾ ತೋರಿಸುವವರು ಆದರೆ ಅದಕ್ಕೆ ತಪಾಸಣೆ ಎಂದೇ ಹೆಸರು.

ವಿದ್ಯಾರ್ಥಿಗಳನ್ನು ಕೇಳುವ ಸುಲಭ ದಾರಿಯೂ ಇದೆ. ತರಗತಿಯ ಕೊನೆಯ ಎರಡು ನಿಮಿಷ ಒಂದು ಚೀಟಿ ಕೊಟ್ಟು ‘ಇವತ್ತು ಯಾವುದು ಸ್ಪಷ್ಟವಾಗಲಿಲ್ಲ?’ ಎಂದು ಹೆಸರಿಲ್ಲದೆ, ಯಾವ ಭಾಷೆಯಲ್ಲಾದರೂ ಬರೆಸಿ. ಹಾರ್ವರ್ಡಿನ ಸಂಖ್ಯಾಶಾಸ್ತ್ರಜ್ಞ ಫ್ರೆಡೆರಿಕ್ ಮಾಸ್ಟೆಲರ್ 1989ರಲ್ಲಿ ಬರೆದು ಪ್ರಚಾರಕ್ಕೆ ತಂದ ಉಪಾಯ ಇದು, ಖರ್ಚು ಒಂದು ಹಾಳೆಯದು. ಆ ಚೀಟಿಗಳ ಕಟ್ಟನ್ನೂ ಉತ್ತರ ಪತ್ರಿಕೆಯಂತೆಯೇ ಮೇಜಿಗೆ ತರಬಹುದು. ಮುಂದಿನ ತರಗತಿಯಲ್ಲಿ ಅದಕ್ಕೆ ಉತ್ತರ ಕೊಡದಿದ್ದರೆ ಮಾತ್ರ ಮೂರನೆಯ ಸಲಕ್ಕೆ ‘ಎಲ್ಲಾ ತಿಳಿದಿದೆ’ ಎಂಬ ಚೀಟಿಗಳೇ ಬರುತ್ತವೆ. ನ್ಯಾಕ್‌ಗೆಂದು (ಕಾಲೇಜುಗಳ ಮೌಲ್ಯಾಂಕನ ಮಾಡುವ ಸಂಸ್ಥೆ) ತುಂಬಿಸುವ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯನ್ನು ಇದರೊಂದಿಗೆ ಬೆರೆಸಬೇಡಿ, ಅದರ ಉದ್ದೇಶವೇ ಬೇರೆ.

ಸಮಯ, ಜಾಗ, ಕಾಗದದ ವಿಚಾರ ಬೇಗ ಮುಗಿಸುತ್ತೇನೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಅದರ ಮೇಲೆ ಸಂಜೆ ನಾಲ್ಕಕ್ಕೆ ಸಭೆ ಎಂದರೆ ಹೊಸಪೇಟೆ, ಗಂಗಾವತಿ, ಬಳ್ಳಾರಿಗೆ ಹೋಗುವವರ ಕಣ್ಣು ಗಡಿಯಾರದ ಮೇಲೇ ಇರುತ್ತದೆ. ವೇಳಾಪಟ್ಟಿಯಲ್ಲಿ ಆರು ಜನಕ್ಕೂ ಬಿಡುವಿರುವ ಬೆಳಗಿನ ಒಂದು ಪೀರಿಯಡ್ ಹುಡುಕಿ. ಅತಿಥಿ ಉಪನ್ಯಾಸಕರನ್ನು ಅವರ ಪಾಠವಿರುವ ದಿನವೇ ಕರೆಯಿರಿ. ಪಾಠವಿಲ್ಲದ ದಿನ ಕೈಯಿಂದ ಬಸ್ ಚಾರ್ಜ್ ಹಾಕಿಕೊಂಡು ಬಾ ಎನ್ನುವುದು ನ್ಯಾಯವಲ್ಲ. 37 ಜನಕ್ಕೆ ಒಂದೇ ಸಭೆಯ ಬದಲು, ಮೊದಲ ಗುಂಪು ಒಂದು ಸೆಮಿಸ್ಟರ್ ನಡೆದ ಮೇಲೆ ಅದರಿಂದ ಇಬ್ಬರು ಹೊರಬಂದು ಎರಡನೆಯ ಗುಂಪು ಕಟ್ಟಲಿ. 16 ವಾರದ ಸೆಮಿಸ್ಟರಿನಲ್ಲಿ 3, 6, 9, 12ನೆಯ ವಾರ, ಒಟ್ಟು ನಾಲ್ಕು ಸಲ ಸಾಕು. ಆಮೇಲೆ ಪರೀಕ್ಷೆಯ ಗದ್ದಲ.

ಪ್ರಾಂಶುಪಾಲರ ನೆರವು ಬೇಕಾದದ್ದು ವೇಳಾಪಟ್ಟಿಯಲ್ಲಿ, ಕೋಣೆಯೊಳಗಲ್ಲ. ಐಕ್ಯೂಎಸಿಗೆ ದಾಖಲೆ ಬೇಕೇ ಬೇಕು, ಕೊಡಿ: ದಿನಾಂಕ, ಹಾಜರಿದ್ದವರು, ನೋಡಿದ ಪ್ರಶ್ನೆ, ಮಾಡಿದ ಬದಲಾವಣೆ. ನಾಲ್ಕು ಸಾಲು, ಪತ್ರಿಕೆ ಯಾರದೆಂದು ಬರೆಯದೆ. ಜಿಯೋಟ್ಯಾಗ್ (ತೆಗೆದ ಜಾಗದ ಗುರುತಿರುವ) ಫೋಟೊ ಕೇಳಿದರೆ ಶುರುವಿನಲ್ಲೇ ಒಂದು ತೆಗೆದು ಫೋನ್ ಒಳಗಿಡಿ. ನಡುವೆ ಕ್ಯಾಮೆರಾ ಬಂದರೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ಭಾಷಣದ ದನಿಗೆ ತಿರುಗುತ್ತಾರೆ. ಬ್ಯಾನರಿನ ದುಡ್ಡಿಗೆ ಒಗ್ಗರಣೆ-ಮಿರ್ಚಿ ತರಿಸಿದರೆ ಹೆಚ್ಚು ಪ್ರಯೋಜನ.

ಮೊದಲ ಸಲ ನಿಮ್ಮದೇ ಪತ್ರಿಕೆಗಳನ್ನು ತನ್ನಿ, ಅದರಲ್ಲೂ ನಿಮಗೆ ತೃಪ್ತಿ ಕೊಡದ ಪ್ರಶ್ನೆಯದನ್ನು. ಸುತ್ತೋಲೆ ಹೊರಡಿಸಬೇಡಿ. ಆ ಆರು ಜನಕ್ಕೆ ವಾಟ್ಸಾಪ್‌ನಲ್ಲಿ ಇಷ್ಟು ಕಳಿಸಿ: ‘ಗುರುವಾರ ಮೂರನೇ ಪೀರಿಯಡ್, ಕಾಮರ್ಸ್ ವಿಭಾಗದ ಕೋಣೆ. ನನ್ನ ಬಿ.ಕಾಂ. ಮಕ್ಕಳ 12 ಉತ್ತರ ತರ್ತೀನಿ. ಸವಕಳಿ ಲೆಕ್ಕದಲ್ಲಿ ಎಲ್ಲಿ ತಪ್ತಿದ್ದಾರೆ ಅಂತ ನನಗೆ ತಿಳೀವಲ್ದು. 50 ನಿಮಿಷಕ್ಕೆ ಮುಗಿಸ್ತೀನಿ. ಅಕೌಂಟ್ಸ್ ಬರಬೇಕಂತಿಲ್ಲ, ಬರ್ರಿ.’